ಕಮಲಕ್ಕನ ಸೊಂಟನೋವು

ಶ್ರೀಪಾದ ಬೆಟ್ಟ ಬೇಡ ಎಂದು ತೀರ್ಮಾನ ಮಾಡಿದವಳು ಕಾವ್ಯ. ಆದರೆ ಆ ಮಾತನ್ನು ಅವಳು ಆಡಿದ್ದು ಕಮಲಕ್ಕನ ಹೆಸರಿನಲ್ಲಿ.

ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲೊಂದರಲ್ಲಿ ಮೂವರೂ ಬನ್ಸ್ ತಿನ್ನುತ್ತಾ ಕುಳಿತಿದ್ದರು. ಪಾಸ್‌ಪೋರ್ಟಿನ ಕೆಲಸಕ್ಕೆಂದು ಜೀವಮಾನದಲ್ಲೇ ಮೊದಲ ಸಲ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿ ಬಂದ ನಗು ಇನ್ನೂ ಅವರ ಮುಖದಲ್ಲಿತ್ತು. ಕಾವ್ಯ ಮತ್ತು ಕಮಲಕ್ಕ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯವರು, ಬೇಲಿಗೆ ಬೇಲಿ ತಾಗಿದ ಮನೆಯವರು. ಚೇತನಾ ಕಾವ್ಯಳ ನಾದಿನಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿದ್ದು ಓದಿ, ಈಗ ನರಸಿಂಹರಾಜಪುರದ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಳು. ರಜೆ ಬಂತೆಂದರೆ ಬೆನ್ನಿಗೆ ಚೀಲ ಏರಿಸಿ ಗುಡ್ಡ ಸುತ್ತುವುದು ಅವಳ ಹುಚ್ಚು. ಈ ಸಲ ಮನೆಯ ಹೆಂಗಸರನ್ನೂ ಹೊರಡಿಸುತ್ತೇನೆಂದು ಹಟ ಹಿಡಿದು, ಶ್ರೀಲಂಕಾ ಎಂದಿದ್ದಳು. ಕಾರಿನಲ್ಲಿ ಕೂತು ಕಿಟಕಿಯಿಂದ ನೋಡುವ ಪ್ರವಾಸವಲ್ಲ. ತಮ್ಮ ಚೀಲ ತಾವೇ ಹೊತ್ತು, ನಡೆದು, ಹತ್ತಿ ನೋಡುವ ಪ್ರವಾಸ. ಎಲ್ಲೆಲ್ಲಿಗೆ ಎಂಬುದನ್ನು ಅಂದು ಆರಿಸಬೇಕಿತ್ತು.

ಚೇತನಾ ಫೋನಿನಲ್ಲಿ ಒಂದೊಂದೇ ಜಾಗ ತೋರಿಸಿದಳು. ಟೀ ತೋಟ, ಜಲಪಾತ, ಮಂಜು ಕವಿದ ಕಾಡು.

“ಎಲ್ಲ ನಮ್ಮೂರಲ್ಲಿದ್ದದ್ದೇ ಅಲ್ಲನೆ ಮಾರಾಯ್ತಿ. ಅಲ್ಲಿನ ಇಂಬಳಕ್ಕೆ ರಕ್ತ ಕೊಡಕ್ಕೆ ವಿಮಾನ ಹತ್ತಿ ಹೋಗ್ಬೇಕಾ?” ಎಂದಳು ಕಾವ್ಯ. ಮೂವರೂ ನಕ್ಕರು.

ಆಮೇಲೆ ಬಂತು ಶ್ರೀಪಾದದ ಚಿತ್ರ. ಬೆಳಗಿನ ಬಿಸಿಲಿಗೆ ಬೆಟ್ಟದ ನೆರಳು ಎದುರಿನ ಮಂಜಿನ ಮೇಲೆ ಬಿದ್ದು, ಅಳತೆಗೋಲಿಟ್ಟು ಗೀಚಿದ ಹಾಗೆ ಮೂರು ಮೂಲೆಯಾಗಿ ನಿಂತಿತ್ತು. ಅರವತ್ತರ ಹತ್ತಿರದ ಕಮಲಕ್ಕ ಕೈಯಲ್ಲಿದ್ದ ಬನ್ಸನ್ನು ತಟ್ಟೆಗಿಟ್ಟು, ಕೈ ಒರೆಸಿಕೊಂಡು ಫೋನು ಈಸಿಕೊಂಡಳು.

“ಇದು ಬೆಟ್ಟದ ನೆಳ್ಳಾ? ನಂಗೆ ಇದೊಂದು ನೋಡ್ಬೇಕು ಕಣೆ. ಬಾಕಿದು ನೀವೇ ಆರಿಸ್ಕಳಿ,” ಎಂದಳು.

“ಮೆಟ್ಟಿಲು ರಾಶಿ ಇದಾವೆ ಕಮಲಕ್ಕ. ಬೆಳಗಾಗೋದ್ರೊಳಗೆ ತುದಿ ಮುಟ್ಬೇಕು,” ಎಂದಳು ಚೇತನಾ.

ಗದ್ದೆಯಲ್ಲಿ ಬಗ್ಗಿ ದಿನವಿಡೀ ದುಡಿಯಬಲ್ಲ ಕಾವ್ಯಳಿಗೆ ಏರು ಮಾತ್ರ ಆಗಿಬರುತ್ತಿರಲಿಲ್ಲ. ಶೃಂಗೇರಿಯಲ್ಲಿ ಮಲಹಾನಿಕರೇಶ್ವರನ ಗುಡಿಯ ಮೆಟ್ಟಿಲು ಹತ್ತಿದ ದಿನ ಮೇಲೆ ಹೋದವಳೇ ಕಂಬಕ್ಕೆ ಹಣೆ ಒತ್ತಿ ನಿಂತಿದ್ದಳು. ನೋಡಿದವರು ಭಕ್ತಿ ಎಂದುಕೊಂಡರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕಾಯಿಲೆ ಏನೂ ಇಲ್ಲ, ದಿನಾ ನಡೀರಿ ಸಾಕು ಎಂದಿದ್ದರು. ಅವಳು ನಡೆದಿರಲಿಲ್ಲ. ನಡೆಯದೇ ಹೋದದ್ದು ಹಾಳಾಗಲಿ, ಕಾಲೇಜಿನಲ್ಲಿದ್ದಾಗ ಕುದುರೆಮುಖದ ತುದಿ ಮುಟ್ಟಿ ಬಂದವಳು ತಾನು ಎಂದು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬುರುಡೆ ಬಿಟ್ಟಿದ್ದಳು. ಆ ಕಥೆ ಕೇಳಿಯೇ ತನಗೆ ಗುಡ್ಡದ ಹುಚ್ಚು ಹಿಡಿದದ್ದು ಎಂದು ಚೇತನಾ ಕಂಡಕಂಡವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಅಂಥ ಅತ್ತಿಗೆ ಈಗ ನನ್ನ ಕೈಲಾಗದು ಎನ್ನುವುದು ಹೇಗೆ?

“ಶ್ರೀಪಾದ ಬ್ಯಾಡ ಬಿಡು ಚೇತನಾ,” ಎಂದಳು ಕಾವ್ಯ. “ಕಮಲಕ್ಕಂಗೆ ಸೊಂಟನೋವು. ಅಷ್ಟು ಹತ್ತಕ್ಕೆ ಆಗಲ್ಲ.”

ಕಮಲಕ್ಕ ತಲೆ ಎತ್ತಿ ಕಾವ್ಯಳನ್ನು ಒಮ್ಮೆ ನೋಡಿದಳು. ಫೋನನ್ನು ಚೇತನಾಳಿಗೆ ಕೊಟ್ಟು, ಉಳಿದ ಬನ್ಸ್ ತಿಂದಳು.

ಅವಳು ಸುಮ್ಮನಿದ್ದುದಕ್ಕೆ ಕಾರಣ ಕಾವ್ಯಳಿಗೆ ಚೆನ್ನಾಗಿ ಗೊತ್ತಿತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ದುಡಿಮೆಗೆ ದುಡಿಮೆ ತೀರಿಸುವ ಮುಯ್ಯಾಳಿನಲ್ಲಿ ಈ ಇಬ್ಬರೂ ವರ್ಷಗಟ್ಟಲೆ ಒಟ್ಟಿಗೆ ನಟ್ಟಿ ಮಾಡಿದವರು. ಆ ಗುಂಪಿನಲ್ಲಿ ತನಗೆ ಸುಸ್ತಾಯಿತೆಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಪಕ್ಕದವಳ ಹೆಸರು ಹೇಳುತ್ತಾರೆ. ಅವಳ ಸೊಂಟ ಹಿಡಿದಿದೆಯಂತೆ, ಒಂಚೂರು ಕೂರಾಣ ಎಂದರೆ ಸಾಕು, ಗದ್ದೆಯ ಮನೆಯವರು ಕಾಫಿ ತರುತ್ತಾರೆ. ಹೆಸರು ಹೇಳಿಸಿಕೊಂಡವಳು ಇಲ್ಲವೆನ್ನುವಂತಿಲ್ಲ. ಸುಮ್ಮನೆ ಸೊಂಟ ಹಿಡಿದುಕೊಂಡು ಬದುವಿನ ಮೇಲೆ ಕೂರಬೇಕು. ನಿಜಕ್ಕೂ ಸುಸ್ತಾದದ್ದು ಯಾರಿಗೆಂದು ಎಲ್ಲರಿಗೂ ತಿಳಿದಿರುತ್ತದೆ, ಯಾರ ಮರ್ಯಾದೆಯೂ ಹೋಗುವುದಿಲ್ಲ.

ಆದರೆ ಗದ್ದೆಗೇ ಇಳಿಯದ ಚೇತನಾಳಿಗೆ ಇದರ ಗಂಧಗಾಳಿ ಇರಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ನಂಬಿದಳು.

ನಾಲ್ಕು ದಿನ ಬಿಟ್ಟು ಅವಳ ಫೋನು ಬಂತು. “ಅತ್ತಿಗೆ, ನಂಗೆ ಯೋಚನೆ ಆಗ್ತಾ ಇದೆ. ಸೊಂಟನೋವು ಇರೋರು ಚೀಲ ಹೊತ್ಕೊಂಡು ನಡಿಯೋದು ಹೆಂಗೆ? ಬರೀ ಶ್ರೀಪಾದ ಬಿಟ್ರೆ ಆಗಲ್ಲ. ಪರದೇಶದಲ್ಲಿ ಹೆಚ್ಚುಕಮ್ಮಿ ಆದ್ರೆ ಎಂತ ಮಾಡೋದು? ಕಮಲಕ್ಕ ಬರೋದೇ ಬ್ಯಾಡ ಅನ್ಸುತ್ತೆ. ನಿಮ್ಮ ಮಾತು ಕೇಳ್ತಾರೆ, ನೀವೇ ನಿಧಾನಕ್ಕೆ ಹೇಳಿ.”

ಆ ಹೊತ್ತಿಗೆ ಸರಿಯಾಗಿ ಕಮಲಕ್ಕ ಬೇಲಿಯಾಚೆ ರಸ್ತೆಯಲ್ಲಿ ಹೋಗುತ್ತಿದ್ದಳು. ಅಕ್ಕಿ ತುಂಬಿದ ಹಳೆಯ ಶಾಲೆ ಚೀಲವೊಂದನ್ನು ಬೆನ್ನಿಗೆ ಹಾಕಿಕೊಂಡು ದಿನಾ ಸಂಜೆ ದಿಬ್ಬದವರೆಗೆ ಹೋಗಿ ಬರುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು. ಊರವರು ನಕ್ಕರೆ, ಲಂಕೆಗೆ ಹೋಗ್ತಾ ಇದೀನಿ ಎನ್ನುತ್ತಿದ್ದಳು. ಸೊಂಟಕ್ಕೆ ಏನೂ ಆಗಿಲ್ಲ, ಆಗದೇ ಇರೋದು ನಂಗೆ ಎಂದು ಕಾವ್ಯ ಆಗಲೇ ಹೇಳಬಹುದಿತ್ತು.

“ನೋಡಾಣ,” ಎಂದಷ್ಟೇ ಹೇಳಿ ಅವಳು ಫೋನಿಟ್ಟಳು. ಆ ರಾತ್ರಿ ಊಟ ಸೇರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೇಸಿಗೆಯಾದರೂ ಬೆಳಿಗ್ಗೆ ಎದ್ದು ಚೇತನಾಳಿಗೆ ಫೋನು ಮಾಡಲಿಲ್ಲ. ಕಮಲಕ್ಕನಿಗೆ ಬರಬೇಡ ಎಂದೂ ಹೇಳಲಿಲ್ಲ. ತಾನಾಗಿ ಏನಾದರೂ ಆಗಿ ಬಗೆಹರಿಯಲಿ ಎಂದು ಕಾದಳು.

ಹಾಗೆಲ್ಲ ಬಗೆಹರಿಯುವುದುಂಟೇ? ಚೇತನಾ ಭಾನುವಾರ ತಾನೇ ಬಂದು, ಮೂವರೂ ಮೇರ್ತಿ ಗುಡ್ಡ ಹತ್ತಿ ನೋಡೋಣ, ಆಮೇಲೆ ತೀರ್ಮಾನ ಮಾಡೋಣ ಎಂದು ಹೊರಡಿಸಿದಳು. ಟೀ ತೋಟದ ಅಂಚಿನವರೆಗೆ ಜೀಪು ಹೋಯಿತು. ಅಲ್ಲಿಂದ ಮುಂದೆ ಬರೀ ಏರು.

ಮೊದಲ ತಿರುವಿನಲ್ಲೇ ಕಾವ್ಯಳ ಉಸಿರು ಕುತ್ತಿಗೆಗೆ ಬಂತು. ಕಣ್ಣು ಕತ್ತಲೆ ಕಟ್ಟಿತು. ಇನ್ನು ಕುಸಿಯುವುದೇ ಎನ್ನುವಾಗ ಹಿಂದಿನಿಂದ ಕಮಲಕ್ಕನ ದನಿ ಕೇಳಿತು.

“ಒಂಚೂರು ನಿಲ್ರೆ. ನನ್ನ ಸೊಂಟ ಹಿಡೀತು.”

ಕಮಲಕ್ಕ ಬಂಡೆಯೊಂದರ ಮೇಲೆ ಕೂತು ಸೊಂಟ ತಿಕ್ಕಿಕೊಳ್ಳತೊಡಗಿದಳು. ಅವಳ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ. ಕಾವ್ಯ ಅವಳ ಪಕ್ಕ ಕುಸಿದು ಕೂತಳು. ಕಾವ್ಯಳ ಉಸಿರು ತಹಬಂದಿಗೆ ಬಂದ ಮೇಲೆ ಕಮಲಕ್ಕ ಎದ್ದಳು. ಮತ್ತೊಂದು ತಿರುವಿನಲ್ಲಿ ಇನ್ನೊಂದು ಸಲ, ಅದರ ಮೇಲಿನ ಹುಲ್ಲು ಬೋರೆಯಲ್ಲಿ ಮಗದೊಂದು ಸಲ ಅವಳ ಸೊಂಟ ಹಿಡಿಯಿತು. ಪ್ರತಿ ಸಲವೂ ಕಾವ್ಯಳ ಉಸಿರು ನಿಲ್ಲುವ ಹೊತ್ತಿಗೇ ಹಿಡಿಯಿತು.

ಬೋರೆಯ ಮೇಲೆ ಚೇತನಾ ಬಂದು ಕಮಲಕ್ಕನ ಎದುರು ಕುಕ್ಕರುಗಾಲಲ್ಲಿ ಕೂತಳು. “ಬೇಜಾರು ಮಾಡ್ಕಬೇಡಿ ಕಮಲಕ್ಕ. ಇಷ್ಟಕ್ಕೇ ಮೂರು ಸಲ ಕೂತ್ರಿ. ಶ್ರೀಲಂಕಾ ನಿಮಗೆ ಕಷ್ಟ ಆತದೆ. ಇನ್ನೊಂದು ಸಲ ಎಲ್ಲಿಗಾದ್ರೂ ಕಾರಲ್ಲಿ ಹೋಗಾಣ.”

ಕಮಲಕ್ಕ ಕೆಳಗಿನ ಟೀ ತೋಟವನ್ನೇ ನೋಡುತ್ತಿದ್ದಳು. “ಹಂಗೇ ಮಾಡು ಮಗಾ,” ಎಂದಳು.

ಕಾವ್ಯಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಚೇತನಾ, ಕಮಲಕ್ಕಂಗೆ ಏನೂ ಆಗಿಲ್ಲ. ಸುಸ್ತಾಗಿದ್ದು ನಂಗೆ,” ಎಂದಳು.

ಚೇತನಾಳ ಕಣ್ಣು ತುಂಬಿ ಬಂತು. ಅವಳು ಅತ್ತಿಗೆಯ ಕೈ ಹಿಡಿದುಕೊಂಡಳು. “ಅವರಿಗೆ ಬೇಜಾರಾಗ್ಬಾರ್ದು ಅಂತ ಕುದುರೆಮುಖ ಹತ್ತಿದೋರು ಹಿಂಗೆ ಹೇಳ್ತೀರಲ್ಲ. ನಿಮ್ಮಷ್ಟು ಒಳ್ಳೆ ಮನಸ್ಸು ಯಾರಿಗೂ ಬರಲ್ಲ ಅತ್ತಿಗೆ.”

ಸುಳ್ಳು ಹೇಳಿದಾಗ ಆಗದ ನಾಚಿಕೆ ಈ ಹೊಗಳಿಕೆಗೆ ಆಯಿತು. ಕಾವ್ಯ ಕೈ ಕಿತ್ತುಕೊಂಡು ಕಮಲಕ್ಕನ ಕಡೆ ತಿರುಗಿದಳು. “ನೀವೇ ಹೇಳಿ ಕಮಲಕ್ಕ. ಇಲ್ದಿದ್ರೆ ಎದ್ದು ಸರಸರ ತುದಿಗೆ ಹತ್ತಿ ತೋರಿಸ್ಬಿಡಿ. ಅವಳಿಗೂ ಗೊತ್ತಾಗ್ಲಿ.”

“ನಾನೆಂತಕ್ಕೆ ತೋರಿಸ್ಬೇಕೆ?” ಎಂದಳು ಕಮಲಕ್ಕ. ದನಿ ಏರಲಿಲ್ಲ. “ಅವತ್ತು ನನ್ನ ಕೇಳ್ದೇ ನಂಗೆ ಸೊಂಟನೋವು ಬರಿಸಿದೆ. ಇವತ್ತು ನಿನ್ನ ಮನಸ್ಸು ಹಗುರ ಆಗ್ಬೇಕು, ಅದಕ್ಕೆ ನಾನು ಗುಡ್ಡ ಹತ್ತಿ ಕುಣೀಬೇಕಾ? ಗದ್ದೇಲಿ ನನ್ನ ಹೆಸರು ಹೇಳಿದ್ರೆ ಒಂದು ಲೋಟ ಕಾಫಿ ಸಿಕ್ತಿತ್ತು ಎಲ್ಲರಿಗೂ. ಇಲ್ಲಿ ನನ್ನನ್ನೇ ಬಿಟ್ಟು ಹೋಗ್ತಾ ಇದೀರಿ. ನೀನು ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ ಕಣೆ ನಾನು.”

ಚೇತನಾ ಇಬ್ಬರ ಮುಖವನ್ನೂ ನೋಡಿದಳು. ಈಗ ಅವಳಿಗೆ ಅರ್ಥವಾಯಿತು. ಅತ್ತಿಗೆಯ ಮುಖದ ಮೇಲೆ ಅವಳ ಕಣ್ಣು ಒಂದು ಗಳಿಗೆ ನಿಂತು, ಹಾಗೇ ನೆಲಕ್ಕೆ ಇಳಿಯಿತು. ಕುದುರೆಮುಖದ ಬಗ್ಗೆ ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಕಾವ್ಯಳಿಗೆ ಎಷ್ಟೋ ವಾಸಿ ಇತ್ತು.

“ಶ್ರೀಪಾದ ಪಟ್ಟಿಗೆ ಹಾಕಲಾ ಕಮಲಕ್ಕ?” ಎಂದಳು ಚೇತನಾ ಮೆಲ್ಲಗೆ.

“ಹಾಕು,” ಎಂದು ಕಮಲಕ್ಕ ಎದ್ದು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. “ಇವಳೂ ಬರ್ಲಿ. ಹತ್ತಕ್ಕೆ ಆಗದೇ ಇದ್ರೆ ಕೆಳಗೆ ಕೂತಿರ್ಲಿ. ಈಗ ಬಾ, ತುದಿ ನೋಡ್ಕಂಡು ಬರಾಣ.”

ಇಬ್ಬರೂ ಹೊರಟರು. ಕಮಲಕ್ಕ ನಡುವೆ ಎಲ್ಲೂ ನಿಲ್ಲಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ. ಕಾವ್ಯ ಹುಲ್ಲಿನ ಮೇಲೆ ಒಬ್ಬಳೇ ಕೂತು, ಅವರ ಬೆನ್ನು ಸಣ್ಣದಾಗುವುದನ್ನು ನೋಡಿದಳು.

ಸ್ವಲ್ಪ ಹೊತ್ತಿಗೆ ಸೌದೆ ಹೊರೆ ಹೊತ್ತ ಒಬ್ಬ ಮುದುಕ ಬೋರೆ ಇಳಿದು ಬಂದ. ಅವಳ ಕೆಂಪೇರಿದ ಮುಖ ನೋಡಿ ನಿಂತ.

“ಎಂತ ಅಮ್ಮ, ಒಬ್ರೇ ಕೂತೀರಿ?”

“ಇಲ್ಲ, ನಮ್ಮ ಜೊತೆಯವ್ರಿಗೆ ಸುಸ್ತಾ…” ಎಂದ ನಾಲಿಗೆ ಅಲ್ಲೇ ನಿಂತಿತು. ಅವಳಿಗೆ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಇಷ್ಟಾದ ಮೇಲೂ ಬಾಯಿಗೆ ಮೊದಲು ಬಂದದ್ದು ಅದೇ ಮಾತು.

“ನಂಗೆ,” ಎಂದಳು. “ಹತ್ತಕ್ಕೆ ಆಗ್ಲಿಲ್ಲ ನಂಗೆ.”

“ಹೌದಾ. ಕೂತ್ಕಳಿ ಹಂಗಾರೆ, ಗಾಳಿ ಚೆನ್ನಾಗಿದೆ,” ಎಂದು ಮುದುಕ ಹೊರೆ ಸರಿಮಾಡಿಕೊಂಡು ಇಳಿದು ಹೋದ.

ಅಷ್ಟೇ. ಅವನು ನಗಲಿಲ್ಲ, ಅಯ್ಯೋ ಎನ್ನಲಿಲ್ಲ, ಇನ್ನೊಂದು ಸಲ ನೋಡಲೂ ಇಲ್ಲ. ಇಷ್ಟು ಸಣ್ಣ ಮಾತನ್ನು ಆಡಲಾರದೆ ಕಮಲಕ್ಕನನ್ನು ಬಿಟ್ಟುಕೊಟ್ಟೆನಲ್ಲ ಎಂದು ಕಾವ್ಯ ಮೊಣಕಾಲಿನ ಮೇಲೆ ಮುಖವಿಟ್ಟುಕೊಂಡು ಅತ್ತಳು.