ವಾರಗಿತ್ತಿಯ ಬಿಳಿ ಕೈಗವಸು

ನಮ್ಮ ವಸ್ತುಸಂಗ್ರಹಾಲಯಕ್ಕೆ ಅವಳನ್ನು ಸೇರಿಸಿದ್ದೇ ನಾನು. ಮೈದುನನ ಹೆಂಡತಿ, ಮನೆಯಲ್ಲಿ ಸುಮ್ಮನೆ ಕೂತು ಬೇಜಾರಾಗಿದ್ದಾಳೆ ಎಂದು ಮರುಗಿ. ಈಗ ನೋಡಿದರೆ, ತರಬೇತಿ ಅಧಿಕಾರಿಯ ಹುದ್ದೆಗೆ ನಾನು ಅರ್ಜಿ ಹಾಕಿದ ಬೆನ್ನಿಗೇ ಅವಳೂ ಹಾಕಿದ್ದಳು. ಹೊಟ್ಟೆಕಿಚ್ಚೇ ಹೌದು, ಮುಚ್ಚಿಡುವುದೇನಿದೆ.

ಬೇರೆ ಊರುಗಳ ಸಂಗ್ರಹಾಲಯದವರಿಗೆಲ್ಲ ನಮ್ಮಲ್ಲಿ ಕಾರ್ಯಾಗಾರವಿತ್ತು. ಬೆಳಿಗ್ಗೆ ಅವಳು, ಮಧ್ಯಾಹ್ನ ನಾನು ಮಾತಾಡಬೇಕು. ಯಾರದು ಚೆನ್ನಾಗಿರುತ್ತದೋ ಅವರಿಗೆ ಹುದ್ದೆ ಎಂದು ನಿರ್ದೇಶಕರು ಹೇಳಿದ್ದರು. ಅವಳ ವಿಷಯ, ಹಳೆಯ ವಸ್ತುಗಳನ್ನು ಎತ್ತಿಡುವ ಕ್ರಮ. ಅದನ್ನು ಕಲಿಸಿದವಳೂ ನಾನೇ, ಗವಸಿನ ವಿಚಾರವೊಂದನ್ನು ಬಿಟ್ಟು. ಮಾತಿಗೊಂದು ನಗು ಬೇರೆ ಅವಳದು, ಮುಂದಿನ ಸಾಲಿನವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಉಗ್ರಾಣದಿಂದ ಪಿಂಗಾಣಿ ಹೂಜಿ ತಂದಿದ್ದ ನಾನು ತಳ್ಳುಗಾಡಿಯ ಪಕ್ಕ ನಿಂತು ಹಲ್ಲು ಕಡಿಯುತ್ತಿದ್ದೆ.

ಹೂಜಿ ಎತ್ತಿ ತೋರಿಸಲು ಅವಳು ಬಿಳಿ ಹತ್ತಿಯ ಕೈಗವಸು ಹಾಕಿಕೊಂಡಳು. ಫೋಟೋದಲ್ಲಿ ಚೆನ್ನಾಗಿ ಕಾಣಬೇಕಲ್ಲ! ಹತ್ತಿ ಗವಸು ಲೋಹಕ್ಕಾದರೆ ಸರಿ, ನುಣುಪಾದ ಪಿಂಗಾಣಿಯ ಮೇಲೆ ಜಾರುತ್ತದೆ. ತೊಳೆದು ಒರೆಸಿದ ಬರಿಗೈಯೇ ವಾಸಿ. ಹೇಳಬಹುದಿತ್ತು, ಹೇಳಲಿಲ್ಲ. ಬೀಳಲಿ, ಎಲ್ಲರೆದುರು ಮಾನ ಹೋಗಲಿ ಅಂದುಕೊಂಡೆ.

ಜಾರಿಯೇ ಜಾರಿತು. ನನಗೆ ಬೇಕಾಗಿದ್ದದ್ದೂ ಅದೇ. ಆದರೆ ಈ ಹಾಳು ಕೈಗಳು ನನ್ನ ಮಾತು ಕೇಳಬೇಕಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹೂಜಿಯ ತಳ ಹಿಡಿದಿದ್ದವು.

ಅವಳ ಮುಖ ಬಿಳಿಚಿಕೊಂಡಿತ್ತು. ಮರುಗಳಿಗೆಯೇ ಗವಸು ಕಳಚಿ ಸಭೆಯ ಕಡೆ ತಿರುಗಿದಳು.

"ನೋಡಿದ್ರಲ್ಲ, ಗವಸು ನಂಬಿದ್ರೆ ಹೀಗಾಗುತ್ತೆ. ಅದಕ್ಕೇ ಪಕ್ಕದಲ್ಲಿ ಯಾವಾಗ್ಲೂ ಇನ್ನೊಬ್ಬರು ಇರ್ಬೇಕು. ಇವ್ರು ನಮ್ಮಕ್ಕ."

ಚಪ್ಪಾಳೆಯೋ ಚಪ್ಪಾಳೆ. ಇಬ್ಬರೂ ಮೊದಲೇ ಮಾತಾಡಿಕೊಂಡು ಮಾಡಿದ್ದೆಂದೇ ಎಲ್ಲರೂ ತಿಳಿದರು. ನಿಜ ಹೇಳೋಣವೆಂದರೆ, ಗೊತ್ತಿದ್ದೂ ಯಾಕೆ ತಡೆಯಲಿಲ್ಲ ಎಂದು ನನ್ನನ್ನೇ ಕೇಳುತ್ತಿದ್ದರು. ಹೂಜಿ ಹಿಡಿದುಕೊಂಡು ಪೆಚ್ಚಾಗಿ ನಿಂತೆ.

ಮಧ್ಯಾಹ್ನ ನಾನೂ ಮಾತಾಡಿದೆ. ಅರ್ಧ ಜನ ತೂಕಡಿಸಿದರು. ಸಂಜೆ ನಿರ್ದೇಶಕರು ಕರೆದು, ಹುದ್ದೆ ಅವಳಿಗೆ ಎಂದರು. ಮುಂದಿನ ಕಾರ್ಯಾಗಾರಗಳಿಗೆಲ್ಲ ನಾನು ಅವಳ ಪಕ್ಕದಲ್ಲಿರಬೇಕಂತೆ, ಅವಳೇ ಕೇಳಿಕೊಂಡಳಂತೆ.

ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೇ ಬಂದು ಕೂತಳು. ಗವಸು ಜಾರುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತೇ ಎಂದು ಮೆಲ್ಲಗೆ ಕೇಳಿದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

"ಗೊತ್ತಿತ್ತು ಅಂತ ಆಗ್ಲೇ ಅನ್ನಿಸ್ತು. ಆದ್ರೂ ಹಿಡ್ಕೊಂಡ್ರಲ್ಲ ಅಕ್ಕ, ನನಗಷ್ಟು ಸಾಕು."

ಹುದ್ದೆ ಹೋಯಿತು, ಹಾಳಾಗಿ ಹೋಗಲಿ. ಒಳ್ಳೆಯತನದಲ್ಲೂ ನನಗಿಂತ ಒಂದು ಕೈ ಮೇಲಾಗಿಬಿಟ್ಟಳಲ್ಲ, ಅದನ್ನು ಮಾತ್ರ ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.