ತಪ್ಪೊಪ್ಪಿದ ಮೇಲೂ ಕೇಳಬಹುದು

ಲಿಫ್ಟ್ ಮೆಕ್ಯಾನಿಕ್‌ನ ಹೆಂಡತಿ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ವಿಭಾಗದವಳು. ದಿನಕ್ಕೆ ಇನ್ನೂರು ಕಾಲರ್ ಹೊಲಿದರೂ ಒಂದೂ ಸೊಟ್ಟಗಿರುವುದಿಲ್ಲ. ಅಂಥವಳು ಆ ತಿಂಗಳು ಮೂರು ಸಲ ಕಾಲರನ್ನು ತಲೆಕೆಳಗಾಗಿ ಜೋಡಿಸಿ ಮೇಲ್ವಿಚಾರಕಿಯಿಂದ ಬೈಸಿಕೊಂಡಳು. ಕಾರಣ ಅಕ್ಕಪಕ್ಕದ ಮೆಷಿನ್‌ನವರಿಗೆಲ್ಲ ಗೊತ್ತಿತ್ತು. ಗಂಡ ಜೈಲಿನಲ್ಲಿದ್ದ.

ನಡೆದದ್ದು ಇಷ್ಟು. ಒಂದು ಆಫೀಸಿನ ಲಿಫ್ಟ್ ಎರಡನೇ ಮಹಡಿಯಿಂದ ಜಾರಿ ಕೆಳಗೆ ಬಿದ್ದು ಒಳಗಿದ್ದ ಗುಮಾಸ್ತೆಯ ಎರಡೂ ಕಾಲು ಮುರಿದವು. ಬ್ರೇಕ್ ಪರೀಕ್ಷಿಸಲಾಗಿದೆ ಎಂದು ಬರೆದ ಹಾಳೆಯ ಕೆಳಗೆ ಮೆಕ್ಯಾನಿಕ್‌ನ ಸಹಿ ಇತ್ತು. ಅವನು ಏಳು ತಿಂಗಳು ಪಕ್ಕದ ಊರಿನ ಜೈಲಿನಲ್ಲಿ ವಿಚಾರಣೆಗೆ ಕಾದ. ಕೊನೆಗೆ ವಕೀಲರ ಮೂಲಕ ಒಪ್ಪಂದವಾಯಿತು. ಅವನು ತಪ್ಪೊಪ್ಪಿಕೊಳ್ಳಬೇಕು, ಸರ್ಕಾರದ ಕಡೆಯವರು ದೊಡ್ಡ ಆರೋಪವನ್ನು ಕೈಬಿಡಬೇಕು. ಹಾಗೆ ಎರಡು ವರ್ಷ ಶಿಕ್ಷೆಯಾಗಿ, ಅವನನ್ನು ತನ್ನ ಊರಿನ ಜೈಲಿಗೆ ತಂದರು. ಬಿಡುಗಡೆಯ ತಾರೀಕನ್ನು ತೀರ್ಪಿನ ದಿನದಿಂದ ಸರಿಯಾಗಿ ಎರಡು ವರ್ಷಕ್ಕೆ ಬರೆದುಕೊಂಡರು. ಮೊದಲೇ ಕಳೆದ ಏಳು ತಿಂಗಳು ಎಲ್ಲಿ ಹೋದವು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಕೇಳಲು ಭಾವ ಬಿಡಲಿಲ್ಲ ಎನ್ನುವುದೇ ಸರಿ. ಭಾವ ಎಂದರೆ ಮೆಕ್ಯಾನಿಕ್‌ನ ಅಣ್ಣ, ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಬಸ್ಸಿನಿಂದ ಇಳಿದರೂ ಅವರ ದನಿಯಿಂದ ಕಂಡಕ್ಟರ್ ಇಳಿದಿರಲಿಲ್ಲ.

"ಸಹಿ ಹಾಕಿ ಆಯ್ತಲ್ಲಮ್ಮ. ಒಪ್ಪಿಕೊಂಡ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಮತ್ತೆ ಹೋಗಿ ಕೆದಕಿದ್ರೆ ಜಡ್ಜ್ ಸಾಹೇಬರಿಗೆ ಸಿಟ್ಟು ಬಂದು, ಎರಡು ವರ್ಷ ನಾಲ್ಕಾಗುತ್ತೆ" ಎಂದರು.

ಆದರೆ ಮನೆಯಲ್ಲಿ ಅತ್ತೆ ಇದ್ದರು, ಅವರ ಕಣ್ಣು ಮಂಜಾಗುತ್ತಿತ್ತು. ಇದು ಆಪರೇಷನ್ನಿಗೆ ಬಗ್ಗುವ ಕಾಯಿಲೆಯಲ್ಲ, ಹೆಚ್ಚೆಂದರೆ ಒಂದೂವರೆ ವರ್ಷ ಮುಖ ಗುರುತು ಸಿಗಬಹುದು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಜೈಲಿನ ಮೆಟ್ಟಿಲು ಹತ್ತಲು ಅವರಿಗೆ ಮೊಣಕಾಲು ಬಿಡುತ್ತಿರಲಿಲ್ಲ. ಮಗನ ಮುಖ ಕಾಣಬೇಕೆಂದರೆ ಮಗನೇ ಮನೆಗೆ ಬರಬೇಕು. ಎರಡು ವರ್ಷಕ್ಕೆ ಬಂದರೆ ತಡವಾಗುತ್ತಿತ್ತು. ಆ ಏಳು ತಿಂಗಳನ್ನು ಎರಡು ವರ್ಷದಿಂದ ಕಳೆದು ಹದಿನೇಳು ತಿಂಗಳಿಗೆ ಬಂದರೆ ಹೊತ್ತಿಗೆ ಸರಿಯಾಗುತ್ತಿತ್ತು. ಸೊಸೆ ಇದನ್ನು ಮೆಷಿನ್ ಮುಂದೆ ಕೂತು ಬೆರಳು ಮಡಿಸಿ ಎಣಿಸಿ ಎಣಿಸಿ ಸೋತಿದ್ದಳು.

ಕೊನೆಗೊಂದು ದಿನ ಭಾವನಿಗೆ ಹೇಳದೆ, ಊಟದ ಬಿಡುವಿನಲ್ಲಿ ಕೋರ್ಟಿನ ಮುಂದೆ ಕೂರುವ ಟೈಪಿಸ್ಟರ ಹತ್ತಿರ ಹೋಗಿ ಒಂದು ಅರ್ಜಿ ಬರೆಸಿಕೊಂಡು ಬಂದಳು. ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ಎತ್ತುವಾಗ ಕೆಳಮನೆಯ ಕೋರ್ಟಕ್ಕ ಸಿಕ್ಕರು. ಅವರು ನ್ಯಾಯಾಲಯದಲ್ಲಿ ಗುಮಾಸ್ತೆಯಾಗಿದ್ದವರು. ಈಗ ವಾರಕ್ಕೆರಡು ದಿನ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೂರುತ್ತಾರೆ. ಅವಳು ಅರ್ಜಿಯನ್ನು ಅವರ ಕೈಗಿಟ್ಟಳು.

ಕೋರ್ಟಕ್ಕ ಮೊದಲ ಸಾಲು ಓದಿ ಕನ್ನಡಕ ತೆಗೆದರು.

"ಇದನ್ನ ಕೊಟ್ಟುಬಿಟ್ಟಿದೀಯಾ?"

"ಇಲ್ಲ ಅಕ್ಕ. ನಾಳೆ ಕೊಡೋಣ ಅಂತ."

"ಸದ್ಯ ಬಚಾವಾದೆ" ಎಂದು ಅವರು ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತರು.

ಅರ್ಜಿ ಶುರುವಾಗಿದ್ದೇ "ನನ್ನ ಗಂಡನು ನಿರಪರಾಧಿಯಾಗಿದ್ದು" ಎಂದು. ಟೈಪಿಸ್ಟರ ತಪ್ಪೂ ಅಲ್ಲ. ಯಾರು ಏನೇ ಬರೆಸಲು ಬಂದರೂ ಅವರ ಬೆರಳು ಮೊದಲು ಆ ಸಾಲನ್ನೇ ಹೊಡೆಯುತ್ತಿತ್ತು, ವರ್ಷಗಟ್ಟಲೆಯ ಅಭ್ಯಾಸ. ತಪ್ಪು ಮಾಡಿದ್ದೇನೆ ಎಂದು ಒಪ್ಪಂದದಲ್ಲಿ ಸಹಿ ಹಾಕಿದವನು ಈಗ ಮಾಡಿಲ್ಲ ಎಂದರೆ ಒಪ್ಪಂದವೇ ಅಲ್ಲಾಡಬಹುದು, ಕೈಬಿಟ್ಟ ದೊಡ್ಡ ಆರೋಪವೂ ತಿರುಗಿ ಏಳಬಹುದು ಎಂದು ಕೋರ್ಟಕ್ಕ ಬಿಡಿಸಿ ಹೇಳಿದರು. ಅವಳು ಅರ್ಜಿಯನ್ನು ವಾಪಸ್ ತೆಗೆದುಕೊಂಡು ಮಡಿಸಿದಳು. ಭಾವ ಹೇಳಿದ್ದೇ ಸರಿ ಹಾಗಾದರೆ ಎಂದಳು.

"ಅರ್ಧ ಸರಿ. ತಪ್ಪೇ ಇಲ್ಲ ಅಂತ ತಿರುಗಿ ಬೀಳೋದು ಬೇರೆ. ತಪ್ಪು ಒಪ್ಪಿದೀನಿ, ಮೊದಲೇ ಒಳಗಿದ್ದ ದಿನ ಶಿಕ್ಷೆಯಿಂದ ಕಳೀರಿ, ನನ್ನ ನಡತೆ ನೋಡಿ ಸ್ವಲ್ಪ ಕಡಿಮೆ ಮಾಡಿ ಅಂತ ಕೇಳೋದು ಬೇರೆ. ಎರಡನೇದಕ್ಕೆ ಯಾರೂ ಸಿಟ್ಟು ಮಾಡ್ಕೊಳ್ಳಲ್ಲ. ಆದ್ರೆ ತೀರ್ಪಾದ ಮೇಲೆ ಅರ್ಜಿ ಕೊಡೋಕೆ ಗಡುವು ಇದೆ ತಂಗಿ, ಇನ್ನು ಹನ್ನೆರಡೇ ದಿನ."

ಅರ್ಜಿ ಗಂಡನ ಹೆಸರಿನಲ್ಲೇ ಹೋಗಬೇಕು, ಅವನ ಸಹಿ ಬೇಕು. ಮರುದಿನ ಅವಳು ಜೈಲಿಗೆ ಹೋದಳು. ಜಾಲರಿಯ ಆಚೆ ಅವನು ಬಂದು ನಿಂತ. ಇಷ್ಟು ತಿಂಗಳಲ್ಲಿ ಅವಳು ಒಂದು ಮಾತನ್ನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ವಕೀಲರು ಹೇಳಿದರೆಂದು ಸಹಿ ಹಾಕಿದ್ದಾನೆ, ನಿಜವಾಗಿ ಅವನದೇನೂ ತಪ್ಪಿಲ್ಲ ಎಂದೇ ಅವಳು ನಂಬಿಕೊಂಡಿದ್ದಳು.

"ನಿಜ ಹೇಳಿ. ಆ ಬ್ರೇಕ್ ನೋಡಿದ್ರಾ?"

ಅವನು ತಲೆ ತಗ್ಗಿಸಿದ. "ಇಲ್ಲ. ಅವತ್ತು ಹನ್ನೊಂದು ಲಿಫ್ಟ್ ಇದ್ವು. ಎಂಟು ನೋಡಿದೆ. ಉಳಿದ ಮೂರಕ್ಕೆ ಕೆಳಗೆ ಕೂತೇ ಸಹಿ ಹಾಕಿದೆ."

ಅವಳಿಗೆ ಸಿಟ್ಟು ಬಂತು. ಕಾಲು ಮುರಿದುಕೊಂಡ, ತನ್ನದೇ ವಯಸ್ಸಿನ ಆ ಗುಮಾಸ್ತೆ ನೆನಪಾಗಿ ನಾಚಿಕೆಯೂ ಆಯಿತು. ಎದ್ದು ಹೋಗಿಬಿಡೋಣ ಎನಿಸಿತು, ಆದರೆ ಹೋಗಲಿಲ್ಲ.

"ತಪ್ಪಿಲ್ಲ ಅಂತ ಬರೆಯಲ್ಲ ನಾನು. ನೀವು ಒಳಗಿದ್ದ ದಿನ ಲೆಕ್ಕಕ್ಕೆ ಹಿಡೀರಿ ಅಂತ ಮಾತ್ರ ಕೇಳೋಣ" ಎಂದಳು.

"ಹಾಗೇ ಬರಿ" ಎಂದ ಅವನು. ಆಮೇಲೆ ಅಮ್ಮನ ಕಣ್ಣು ಹೇಗಿದೆ ಎಂದು ಕೇಳಿದ.

ಉಳಿದಿದ್ದು ಭಾವ. ಅವರನ್ನು ಒಪ್ಪಿಸಲು ಕೋರ್ಟಕ್ಕ ಮೇಲೆ ಬಂದರು. ಕಾನೂನಿನ ಒಂದು ಮಾತೂ ಆಡಲಿಲ್ಲ.

"ಕಂಡಕ್ಟರ್ರೇ, ಒಬ್ಬ ದುಡ್ಡು ಕೊಟ್ಟು ಟಿಕೆಟ್ ತಗೊಂಡ. ನೀವು ಅವನು ಹತ್ತಿದ ಸ್ಟಾಪ್ ತಪ್ಪಾಗಿ ಬರೆದ್ರಿ. ಅವನು ಸರಿಮಾಡಿ ಕೊಡಿ ಅಂದ್ರೆ ಬಸ್ಸಿಂದ ಇಳಿಸ್ತೀರಾ?"

"ಎಲ್ಲಾದ್ರೂ ಉಂಟೇ? ಸರಿಮಾಡಿ ಕೊಡ್ತೀನಿ. ಅವನು ಟಿಕೆಟ್ ಬೇಡ ಅಂತಿಲ್ವಲ್ಲ."

"ನಿಮ್ಮ ತಮ್ಮನೂ ಬೇಡ ಅಂತಿಲ್ಲ" ಎಂದರು ಕೋರ್ಟಕ್ಕ.

ಭಾವ ಒಪ್ಪಿದರು, ಆ ಏಳು ತಿಂಗಳ ಲೆಕ್ಕದ ಪತ್ರ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡರು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಪಕ್ಕದ ಊರಿಗೆ ಹೊರಟರು. ಹಳೆಯ ಜೈಲಿನವರು ಅವನು ಎಷ್ಟು ದಿನ ತಮ್ಮಲ್ಲಿದ್ದ ಎಂಬ ಪತ್ರವನ್ನು ಹೊಸ ಜೈಲಿಗೆ ಕಳಿಸಿಯೇ ಇರಲಿಲ್ಲ. ಎಡವಟ್ಟಾಗಿದ್ದು ಅಲ್ಲೇ. ಮೊದಲ ಸಲ ಸಾಹೇಬರಿಲ್ಲ ಎಂದು ವಾಪಸ್ ಕಳಿಸಿದರು. ಎರಡನೆಯ ಸಲ ಭಾವ ಬೆಂಚಿನ ಮೇಲೆ ಕೂತವರು ಪತ್ರ ಕೈಗೆ ಬರುವವರೆಗೆ ಏಳಲಿಲ್ಲ.

ನೆರವು ಕೇಂದ್ರದ ವಕೀಲರು ಅರ್ಜಿಯನ್ನು ಹೊಸದಾಗಿ ಬರೆದರು. ಗಡುವಿಗೆ ಮೂರು ದಿನ ಮೊದಲು ಅದು ನ್ಯಾಯಾಲಯ ಸೇರಿತು. ನ್ಯಾಯಾಧೀಶರು ಸಿಟ್ಟಾಗಲಿಲ್ಲ. ಪತ್ರ ನೋಡಿ ಏಳು ತಿಂಗಳನ್ನೂ ಶಿಕ್ಷೆಯಿಂದ ಕಳೆದರು. ನಡತೆಯ ಮೇಲಿನ ರಿಯಾಯಿತಿಯನ್ನು ಮಾತ್ರ ಕೊಡಲಿಲ್ಲ, ಅದನ್ನು ಜೈಲಿನ ಅಧಿಕಾರಿಗಳಲ್ಲಿ ಕೇಳಿ ಎಂದರು. ಕೇಳಿದ್ದೆಲ್ಲ ಸಿಗುವುದಿಲ್ಲ ಎಂದು ಕೋರ್ಟಕ್ಕ ಮೊದಲೇ ಹೇಳಿದ್ದರು.

ಹದಿನೇಳನೆಯ ತಿಂಗಳಿಗೆ ಅವನು ಮನೆಗೆ ಬಂದ. ಅತ್ತೆ ಅವನನ್ನು ಕಿಟಕಿಯ ಹತ್ತಿರ ಎಳೆದು ನಿಲ್ಲಿಸಿ ಎರಡೂ ಕೈಯಲ್ಲಿ ಮುಖ ಹಿಡಿದು ನೋಡಿದರು. ಕೂದಲು ನರೆತಿದೆಯಲ್ಲೋ ಎಂದರು. ಆ ನರೆ ಅವರಿಗೆ ಕಂಡಿತ್ತು. ಸೊಸೆ ಅಡುಗೆಮನೆಗೆ ಹೋಗಿ ಅತ್ತಳು.

ಓದುತ್ತಿರುವ ಅಮ್ಮಂದಿರೇ, ಅಣ್ಣ ತಮ್ಮಂದಿರೇ, ನಿಮ್ಮವರು ಯಾರಾದರೂ ತಪ್ಪೊಪ್ಪಿ ಒಪ್ಪಂದ ಮಾಡಿಕೊಂಡು ಜೈಲಿನಲ್ಲಿದ್ದರೆ, ಮುಗಿದುಹೋಯಿತು ಎಂದು ಕೈಕಟ್ಟಿ ಕೂರಬೇಡಿ. ತೀರ್ಪಿನ ಪ್ರತಿ ತೆಗೆಸಿ. ಮೊದಲೇ ಒಳಗಿದ್ದ ದಿನಗಳನ್ನು ಶಿಕ್ಷೆಯಿಂದ ಕಳೆದಿದ್ದಾರೆಯೇ ನೋಡಿ. ಅರ್ಜಿ ಕೊಡುವ ಮುನ್ನ ಅದರ ಪ್ರತಿ ಸಾಲನ್ನೂ ಗೊತ್ತಿರುವವರಿಂದ ಓದಿಸಿ. ನಿಯಮವೂ ಗಡುವೂ ಊರಿಂದೂರಿಗೆ, ಮೊಕದ್ದಮೆಯಿಂದ ಮೊಕದ್ದಮೆಗೆ ಬೇರೆ. ಆದ್ದರಿಂದ ನಿಮ್ಮ ಹತ್ತಿರದ ಉಚಿತ ಕಾನೂನು ನೆರವು ಕೇಂದ್ರದಲ್ಲಿ ವಿಚಾರಿಸಿ. ನಾಳೆ ಹೋದರಾಯಿತು ಎನ್ನಬೇಡಿ, ಇವತ್ತೇ ಹೋಗಿ. ಮನೆಯಲ್ಲಿ ಕಾಯುತ್ತಿರುವವರಿಗೂ ಒಂದು ಗಡುವಿರುತ್ತದೆ.