ಪಂಪು, ಡೀಸೆಲ್ಲು ಒಂದೇ ಹಾಳೆಯಲ್ಲಿ

ಸಿದ್ದಲಿಂಗೇಶ ಯಾವುದೇ ಯೋಜನೆಯನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತಿದ್ದ, ಅದೂ ನಿಂತುಕೊಂಡೇ. ಮುನ್ನುಡಿಯಲ್ಲಿ ದೇಶೋದ್ಧಾರ ಇರುತ್ತದೆ, ಬಾಲದಲ್ಲಿ ನಟ್ಟು ಬೋಲ್ಟು ಇರುತ್ತವೆ ಎಂಬುದು ಅವನ ವಾದ. ಜಮಖಂಡಿ ಕಡೆಯ ಈ ನೀರು ಸರಬರಾಜಿನ ಇಂಜಿನಿಯರು, ನಾನು ಅರ್ಥತಜ್ಞೆಯಾಗಿದ್ದ ಕೊಲ್ಲಿ ನಗರವೊಂದರ ಮಿರ್ಕಾಬ್ ಬಡಾವಣೆಯ ನೆರವು ಸಂಸ್ಥೆಯ ಕಚೇರಿಯಲ್ಲಿ, ಏಸಿಯ ಚಳಿಗೆ ಜೂನ್ ತಿಂಗಳಲ್ಲೂ ಕಂದು ಉಣ್ಣೆಯ ಕೋಟು ತೊಟ್ಟು, ಬಸ್ಸು ತಪ್ಪಿಸಿಕೊಂಡವನ ಹಾಗೆ ಧಾವಿಸುತ್ತಿದ್ದ.

೨೦೦೪ರ ಬೇಸಿಗೆ. ಯುದ್ಧದಿಂದ ಜರ್ಜರಿತವಾದ ದೇಶವೊಂದರ ಮುಂಗಡಪತ್ರವನ್ನು ಅಲ್ಲಿನ ಅಧಿಕಾರಿಗಳು ನಮ್ಮಲ್ಲಿ ಬಂದು ಕುಳಿತು ತಯಾರಿಸುತ್ತಿದ್ದರು. ಆ ದೇಶದಲ್ಲಿ ಪಂಪು ಕೊಳ್ಳುವುದು ಯೋಜನಾ ಸಚಿವಾಲಯ, ಅದಕ್ಕೆ ಡೀಸೆಲ್ ಕೊಡಬೇಕಾದದ್ದು ಹಣಕಾಸು ಸಚಿವಾಲಯ. ಎರಡು ಕಡತಗಳೂ ರಾಜಧಾನಿಯಲ್ಲೇ ಹುಟ್ಟಿ, ಒಂದರ ಮುಖ ಒಂದು ನೋಡದೆ ಬೆಳೆಯುತ್ತಿದ್ದವು. ಅಂದು ನಾಲ್ಕು ಗಂಟೆಗೆ ಸಹಿಯಾಗಬೇಕಿದ್ದ ಯೋಜನೆಯಲ್ಲಿ, ಕಾಲರಾ ಕಾಣಿಸಿಕೊಂಡಿದ್ದ ನದಿದಂಡೆಯ ಊರೊಂದಕ್ಕೆ ಆರು ಹೊಸ ಪಂಪುಗಳಿದ್ದವು.

"ಅಕ್ಕಾರ, ಪಂಪ್ ಬರ್ತಾವ. ನೀರ್ ಬರೂದಿಲ್ಲ," ಎಂದ ಸಿದ್ದಲಿಂಗೇಶ, ಕೊನೆಯ ಪುಟ ನೋಡಿ ಮೆಲ್ಲಗೆ.

ಸಭೆಗೆ ಹೇಳು ಎಂದೆ. ಹೇಳುವ ಬದಲು ಆ ಊರಿನ ಪಂಪ್‌ಹೌಸಿಗೆ ಉಪಗ್ರಹ ಫೋನು ಹಚ್ಚಿ, ಮೇಜಿನ ನಡುವೆ ಇಟ್ಟ. ಆಪರೇಟರ್ ಮುತ್ತಲಿಬನ ಒರಟು ದನಿ ಕೇಳಿತು: ಹೋದ ವರ್ಷದ ನಾಲ್ಕು ಪಂಪು ಇನ್ನೂ ಪೆಟ್ಟಿಗೆಯಲ್ಲೇ ಇವೆ, ಡೀಸೆಲ್ಲು ದಿನಕ್ಕೆ ಒಂದು ಗಂಟೆಗಷ್ಟೇ ಸಾಲುತ್ತದೆ, ಆಮೇಲೆ ಖಲಾಸ್.

ಗಡಿಯಾರದಲ್ಲಿ ಮೂರೂ ಇಪ್ಪತ್ತು. ಗಡುವು ಮೀರಿದರೆ ಇಡೀ ನೆರವು ಮುಂದಿನ ವರ್ಷಕ್ಕೆ. ಸಿದ್ದಲಿಂಗೇಶ ಎರಡು ಸಚಿವಾಲಯಗಳ ಅಧಿಕಾರಿಗಳ ಕುರ್ಚಿಗಳನ್ನು, ಅವರು ಕುಳಿತಿದ್ದಂತೆಯೇ, ಪಕ್ಕಪಕ್ಕಕ್ಕೆ ಎಳೆದು ಮುಂದೆ ಒಂದೇ ಹಾಳೆ ಇಟ್ಟ. ನಮಗೆ ನಿಕಾಹ್ ಮಾಡಿಸುತ್ತೀಯೇನು ಎಂದು ಹಣಕಾಸಿನವನು ಚುಚ್ಚಿದ. ಸಂಸಾರ ಬೇಡ, ಇಬ್ಬರ ಸಹಿ ಸಾಕು ಎಂದು ಇವನು ಹರಕು ಅರಬ್ಬಿಯಲ್ಲಿ ಉತ್ತರಿಸಿದ. ಸಭೆ ನಕ್ಕಿತು, ನಕ್ಕ ಮೇಲೆ ಕೆಲಸ ಹತ್ತಿಕೊಂಡಿತು. ಆರು ಹೊಸ ಪಂಪುಗಳ ಸಾಲು ಹೊಡೆದುಹಾಕಿ ಡೀಸೆಲ್ಲು, ಕ್ಲೋರಿನ್ನು, ಆಪರೇಟರುಗಳ ಸಂಬಳ ಬರೆದರು. ಸಭೆಯಲ್ಲಿ ದನಿ ಏರಿಸುವವಳಲ್ಲ ನಾನು. ಅಂದು ಎದ್ದು ನಿಂತು "ಯಲ್ಲಾ, ಬೇಗ ಬರೀರಿ" ಎಂದು ಅವಸರಪಡಿಸುತ್ತಿದ್ದೆ. ನಾಲ್ಕಕ್ಕೆ ಮೂರು ನಿಮಿಷ ಇರುವಾಗ ಸಹಿಯಾಯಿತು.

ಹನ್ನೊಂದು ದಿನದ ಮೇಲೆ ಮುತ್ತಲಿಬನೇ ಫೋನು ಮಾಡಿ, ಹೋದ ವರ್ಷದ ಪಂಪುಗಳು ಪೆಟ್ಟಿಗೆಯಿಂದ ಹೊರಬಂದಿವೆ, ನಲ್ಲಿಗಳಲ್ಲಿ ಎಂಟು ಗಂಟೆ ನೀರು ಎಂದ. ನಾನು ಸಿದ್ದಲಿಂಗೇಶನನ್ನು ಅಭಿನಂದಿಸಿದೆ. ಅವನ ತಲೆಯಲ್ಲಿ ಆಗಲೇ ಬೇರೇನೋ ಓಡುತ್ತಿತ್ತು.

"ಅದ ಸರಿ ಅಕ್ಕಾರ, ಬರೂ ತಿಂಗಳದ್ದ ಡೀಸೆಲ್ ಎಲ್ಲೈತ್ರಿ?"

ದೇಶಗಳು ಹೇಗೆ ಬೀಳುತ್ತವೆ ಎಂಬುದನ್ನು ನಾನು ನಲವತ್ತು ವರ್ಷ ಓದಿದ್ದೇನೆ, ಪಾಠವನ್ನೂ ಹೇಳಿದ್ದೇನೆ. ಬೀಳಬೇಕಾದವು ಕೆಲವು ಏಕೆ ನಿಂತಿವೆ ಎಂಬುದಕ್ಕೆ ಪುಸ್ತಕಗಳಲ್ಲಿ ಉತ್ತರ ಸಿಕ್ಕಲಿಲ್ಲ. ರಾಜಧಾನಿಯಲ್ಲಿ ಯಾರಿಗೂ ಗೊತ್ತಿಲ್ಲದ ಪಂಪ್ ಆಪರೇಟರನೊಬ್ಬನ ಹೆಸರು ಸಿದ್ದಲಿಂಗೇಶನಂಥವರಿಗೆ ಗೊತ್ತಿರುತ್ತದೆ. ಆ ಹೆಸರು ಗೊತ್ತಿರುವಷ್ಟು ದಿನ ಆ ದೇಶಗಳು ನಿಂತಿರುತ್ತವೆ.